ಹಸಿರು ಪರೀಕ್ಷೆ ಮತ್ತು ಪೂವಮ್ಮನ ಹನ್ನೆರಡು ಕಿಲೋ

ಪುತ್ತೂರು–ಸುಳ್ಯ–ಕಡಬ ತ್ರಿತಾಲೂಕು ಕಾಳುಮೆಣಸು ತೂಕ ಸಂಘದ ಸಿಬ್ಬಂದಿಯಲ್ಲಿ ಆತ್ಮವಿಶ್ವಾಸದ ಕೊರತೆ ಇಲ್ಲವೆಂದು ಆಡಳಿತ ಮಂಡಳಿಯು ಸರ್ವಾನುಮತದಿಂದ ನಿರ್ಣಯಿಸಿದೆ. ಇದ್ದ ಒಂದೇ ಕೊರತೆ ಮುಫೀದಾಳದ್ದು. ಅದನ್ನೂ ಕ್ರಮಬದ್ಧವಾಗಿ ನಿವಾರಿಸಲಾಯಿತು.

ಮುಫೀದಾ ಸಂಘದ ತೂಕದ ಪ್ರೋಗ್ರಾಂ ಬರೆಯುವವಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬರೆದ ಒಂದೊಂದು ಸಾಲಿಗೂ ಎದೆ ಢವಢವ. ಕೊನೆಗೆ ಅವಳೊಂದು ಪದ್ಧತಿ ಕಲಿತಳು. ಮೊದಲು ಪ್ರೋಗ್ರಾಂ ಕೊಡುವ ಉತ್ತರ ಸರಿಯೇ ಎಂದು ತಾಳೆ ನೋಡುವ ಪರೀಕ್ಷೆಯೊಂದನ್ನು ಬರೆಯುವುದು, ಅದು ಸೋತು ಪರದೆಯಲ್ಲಿ ಕೆಂಪಾಗುವುದನ್ನು ನೋಡುವುದು, ಆಮೇಲೆ ಪ್ರೋಗ್ರಾಂ ಬರೆದು ಹಸಿರು ಮಾಡುವುದು. ಹಸಿರು ಕಂಡಾಗಲೆಲ್ಲ ಅವಳ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು. ಆ ಸಂತೋಷ ನಿಜವಾದದ್ದು, ಅದರಲ್ಲಿ ತಮಾಷೆ ಇಲ್ಲ.

ಒಂದು ದಿನ ಮ್ಯಾನೇಜರ್ ದೇವದಾಸರು ಅವಳ ಪರದೆಯಲ್ಲಿ ಕೆಂಪು ಕಂಡರು.

“ಎಂತ ಮಾರಾಯ್ತಿ ಇದು?”

“ಸರ್, ಮೊದಲು ಕೆಂಪಾಗ್ಲೇಬೇಕು. ಆಗಲೇ ಪರೀಕ್ಷೆಗೆ ತಪ್ಪು ಕಾಣುವ ಕಣ್ಣುಂಟು ಅಂತ ಗೊತ್ತಾಗುದು.”

“ಸೋಲ್ಲಿಕ್ಕೆ ಅಂತಲೇ ಪರೀಕ್ಷೆ ಬರೆಯುದಾ? ಅಧ್ಯಕ್ಷರು ನೋಡಿದ್ರೆ?”

ಸಂಜೆಯೊಳಗೆ ಸುತ್ತೋಲೆ ಬಂತು: ‘ಪ್ರತಿಯೊಂದು ಪರೀಕ್ಷೆಯೂ ಹುಟ್ಟುವಾಗಲೇ ಹಸಿರಾಗಿರತಕ್ಕದ್ದು. ಸದಸ್ಯರ ವಿಶ್ವಾಸವೃದ್ಧಿಗಾಗಿ ಸದರಿ ಹಸಿರನ್ನು ಹೊರಗಿನ ಟೀವಿಯಲ್ಲಿ ಪ್ರದರ್ಶಿಸತಕ್ಕದ್ದು.’

ಆಜ್ಞೆಯಂತೆ ಮುಫೀದಾ ಪ್ರೋಗ್ರಾಂ ಮೊದಲು ಬರೆದು, ಅದು ಏನು ಹೇಳಿತೋ ಅದನ್ನೇ ಸರಿಯುತ್ತರವೆಂದು ಪರೀಕ್ಷೆಯಲ್ಲಿ ಬರೆಯತೊಡಗಿದಳು. ತಿಂಗಳಲ್ಲಿ ಮುನ್ನೂರು ಪರೀಕ್ಷೆ, ಮುನ್ನೂರೂ ಹಸಿರು. ಪ್ರೋಗ್ರಾಂ ಗೋಣಿಯ ತೂಕವನ್ನು ಎರಡು ಸಲ ಕಳೆಯುತ್ತಿತ್ತು. ಎರಡು ಸಲ ಕಳೆಯುವುದೇ ಸರಿಯೆಂದು ಪರೀಕ್ಷೆಗಳೂ ಒಪ್ಪಿದ್ದವು.

ಹೀಗಿರಲು ಪಂಜದ ಪೂವಮ್ಮ ಮೆಣಸು ತಂದರು. ಪರದೆ ಹನ್ನೊಂದು ಕಿಲೋ ಎಂದಿತು.

“ಗೋಣಿ ಬಿಟ್ಟು ಹನ್ನೆರಡು ಉಂಟು ಮಗಾ. ಮನೆಯಲ್ಲಿ ತೂಗಿಯೇ ತಂದದ್ದು.”

ಮುಫೀದಾ ಪ್ರೋಗ್ರಾಂ ತೆರೆದಳು. ಕೂತು ಹುಡುಕಿದಳು, ತಪ್ಪು ಸಿಕ್ಕಿತು, ತಿದ್ದಿದಳು. ಪರದೆ ಹನ್ನೆರಡು ತೋರಿಸಿತು. ಅದೇ ಗಳಿಗೆಯಲ್ಲಿ ಹೊರಗಿನ ಟೀವಿಯ ಮುನ್ನೂರು ಹಸಿರೂ ಕೆಂಪಾದವು. ಸಾಲಿನಲ್ಲಿದ್ದವರು ಗೋಣಿ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ದೇವದಾಸರು ನಿಂತಲ್ಲೇ ನೋಟಿಸು ಬರೆದು ಓದಿದರು: “ಸಂಘದ ಆತ್ಮವಿಶ್ವಾಸವನ್ನು ಒಂದೇ ದಿನದಲ್ಲಿ ಮುನ್ನೂರರಷ್ಟು ಇಳಿಸಿರುವುದರಿಂದ ತಮ್ಮ ಖಾಯಮಾತಿಯನ್ನು ಯಾಕೆ ತಡೆಹಿಡಿಯಬಾರದು?” ಆಮೇಲೆ ಸ್ವರ ತಗ್ಗಿಸಿ, “ಹಸಿರು ಮಾಡು ಮಾರಾಯ್ತಿ. ಆರ್ಡರ್ ಟೇಬಲ್ ಮೇಲೆಯೇ ಉಂಟು, ಸಹಿ ಒಂದು ಬಾಕಿ,” ಎಂದರು.

ವಿಚಿತ್ರವೆಂದರೆ, ಅಷ್ಟೂ ಕೆಂಪಿನ ನಡುವೆ ಮುಫೀದಾಳಿಗೆ ತಾನು ಸರಿಯೆಂಬುದು ಖಂಡಿತವಾಗಿ ಗೊತ್ತಿತ್ತು. ಅಂಥ ಧೈರ್ಯ ಅವಳಿಗೆ ಹುಟ್ಟಿದ ಮೇಲೆ ಬಂದಿರಲಿಲ್ಲ. ಒಂದು ಮಾತಿನ ಬೆಂಬಲ ಸಾಕಿತ್ತು. ಅವಳು ಪೂವಮ್ಮನ ಮುಖ ನೋಡಿದಳು.

ಪೂವಮ್ಮ ಟೀವಿ ನೋಡುತ್ತಿದ್ದರು.

“ಬೇಡ ಮಗಾ, ಮೊದಲಿನ ಹಾಗೇ ಮಾಡು. ಇಷ್ಟು ಕೆಂಪಿರುವಾಗ ಹನ್ನೆರಡು ಅಂದ್ರೆ ನಂಬುದು ಹೇಗೆ?”

ಮುಫೀದಾ ತಿದ್ದಿದ್ದನ್ನು ಅಳಿಸಿದಳು. ಟೀವಿ ಹಸಿರಾಯಿತು, ಸಾಲು ಮುಂದೆ ಬಂತು. ‘ಆತ್ಮವಿಶ್ವಾಸ ತೃಪ್ತಿಕರ’ ಎಂದು ಷರಾ ಬರೆದು ದೇವದಾಸರು ಸಹಿ ಹಾಕಿದರು.

ಹನ್ನೊಂದು ಕಿಲೋದ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಪೂವಮ್ಮ ನೆಮ್ಮದಿಯಿಂದ ಹೊರಟರು. ಬಾಗಿಲಲ್ಲಿ ನಿಂತು, “ನಮ್ಮ ಮನೆಯ ತಕ್ಕಡಿ ಒಂದು ಕಿಲೋ ಹೆಚ್ಚು ತೋರಿಸ್ತದೆ ಕಾಣ್ತದೆ. ಅದನ್ನೂ ನೀನೇ ಒಮ್ಮೆ ಸರಿ ಮಾಡಿ ಕೊಡ್ತೀಯಾ?” ಎಂದು ಕೇಳಿದರು.

“ಆಯ್ತು ಪೂವಮ್ಮಕ್ಕ,” ಎಂದಳು ಖಾಯಂ ಆದ ಮುಫೀದಾ.