ಅಲುಗದವರನ್ನು ಲೆಕ್ಕಕ್ಕಿಡದ ದೀಪ ಮಹಾಶಯರಿಗೆ

ನಮ್ಮ ದೊಡ್ಡ ವಕೀಲರ ಸಂಸ್ಥೆಯ ಮೂಲೆ ಕೋಣೆಯ ಚಾವಣಿಯಲ್ಲಿ ವಿರಾಜಮಾನರಾಗಿ, ಮನುಷ್ಯ ಅಲುಗಿದರೆ ಬೆಳಗುವ, ಅಲುಗದಿದ್ದರೆ ಆರಿಬಿಡುವ ಮಾನ್ಯ ದೀಪ ಮಹಾಶಯರೇ,

ತಮ್ಮ ಅಡಿಯಲ್ಲೇ ಕುರ್ಚಿ ಹಾಕಿಕೊಂಡಿರುವ ವಕೀಲನ ಸವಿನಯ ನಮಸ್ಕಾರಗಳು. ತಮ್ಮನ್ನು ಇಲ್ಲಿಗೆ ಕರೆತಂದವನು ನಾನೇ. ಪರಿಸರ ಹೊಣೆಗಾರಿಕೆ ಸಮಿತಿಗೆ ಬೇರೆ ಯಾರೂ ಒಪ್ಪದೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದಾಗ ಉಬ್ಬಿಹೋಗಿ, ಕಾಗದ ಉಳಿಸಿರೆಂದು ಬಣ್ಣಬಣ್ಣದ ದಪ್ಪ ಪುಸ್ತಕ ಅಚ್ಚು ಹಾಕಿಸಿ ತಲೆಗೆರಡರಂತೆ ಹಂಚಿದೆ. ಅಷ್ಟಕ್ಕೇ ಸುಮ್ಮನಿರದೆ, ಇರಲಾರದೆ ಇರುವೆ ಬಿಟ್ಟುಕೊಂಡವನಂತೆ, ತಮ್ಮನ್ನೂ ತರಿಸಿದೆ.

ಮಾನ್ಯರೇ, ನನ್ನ ಕಸುಬೇ ಅಲುಗದೆ ಕೂತು ಓದುವುದು. ಕಡತದಲ್ಲಿ ಮುಳುಗಿದೆನೆಂದರೆ ತಾವು ಆರುತ್ತೀರಿ, ನಾನು ಕೈ ಬೀಸುತ್ತೇನೆ, ತಾವು ದಯಮಾಡಿಸುತ್ತೀರಿ. ಈ ಅಭ್ಯಾಸ ಮನೆಗೂ ಬಂದು, ಪತ್ರಿಕೆ ಓದುತ್ತಾ ಕೈ ಬೀಸಿದವನನ್ನು ಕಂಡು ನನ್ನ ಹೆಂಡತಿ, "ಯಾರಿಗ್ರೀ ಟಾಟಾ ಮಾಡ್ತಿದೀರಾ?" ಎಂದು ಕೇಳಿದ್ದೂ ಉಂಟು. ಪಕ್ಕದ ಕೋಣೆಯಲ್ಲಿ, ನಾವೆಲ್ಲ ಗಾಣದೆತ್ತು ಎಂದು ಕರೆಯುವ ಸಹೋದ್ಯೋಗಿ ಕಿವಿಗೆ ಫೋನಿಟ್ಟು ಗೋಡೆಯಿಂದ ಗೋಡೆಗೆ ಸುತ್ತುತ್ತಿರುತ್ತಾರೆ. ಅವರು ಒಂದು ಕಡತವನ್ನು ಪೂರ್ತಿ ಓದಿದ್ದನ್ನು ಕಂಡವರಿಲ್ಲ, ಅಲ್ಲಿಯ ತಮ್ಮ ಸಹೋದರರು ಆರಿದ್ದನ್ನೂ ಕಂಡವರಿಲ್ಲ.

ತಮ್ಮಿಂದ ಒಂದೇ ಒಂದು ಪುಣ್ಯದ ಕೆಲಸ ಆಗಿದೆ, ಮರೆಯಲಾರೆ. ಸಂಸ್ಥೆಯ ಉಚಿತ ಕಾನೂನು ನೆರವು ಕೇಳಿ ಬರುವವರು ಬಾಗಿಲು ಹಾಕಿಕೊಂಡು ಮಾತಾಡಲು ಇರುವುದು ಈ ಕೋಣೆ ಮಾತ್ರ. ಗಂಡನ ಮನೆಯವರು ಹೊರಗೆ ಹಾಕಿದ ದರ್ಜಿ ಹೆಂಗಸೊಬ್ಬರು ಎದುರು ಕೂತು, ಮಾತು ಹೊರಡದೆ ಸುಮ್ಮನಾದರು. ನಾನೂ ಸುಮ್ಮನಾದೆ. ತಾವು ಆರಿದಿರಿ. ಗಾಬರಿಯಿಂದ ಕೈ ಎತ್ತಲು ಹೋದರೆ ಅವರು, "ಇರ್ಲಿ ಬಿಡಿ ಸರ್, ಕತ್ತಲಲ್ಲೇ ಹೇಳೋದು ಸುಲಭ" ಎಂದು ಎಲ್ಲವನ್ನೂ ಹೇಳಿದರು. ನನಗೆ ಅಳು ಬಂತು, ಯಾರಿಗೂ ಕಾಣಲಿಲ್ಲ.

ಯಾವ ಕೋಣೆಯಲ್ಲಿ ಎಷ್ಟು ಹೊತ್ತು ಜನರಿದ್ದರೆಂದು ಲೆಕ್ಕ ಬರೆದು ಸಮಿತಿಗೆ ಒಪ್ಪಿಸುವುದೂ ತಮ್ಮದೇ ಕೆಲಸವಲ್ಲವೇ, ಆ ಹೊತ್ತನ್ನೂ ತಾವು "ಕೋಣೆ ಖಾಲಿ" ಎಂದೇ ಬರೆದುಕೊಂಡಿದ್ದೀರಿ. ಸದಾ ಖಾಲಿ ಇರುವ ಕೋಣೆಗೆ ಬೀಗ ಹಾಕಿ ವಿದ್ಯುತ್ ಉಳಿಸಬೇಕೆಂದು ನಿರ್ಣಯ ಮಾಡಿದ್ದು ನನ್ನದೇ ಸಮಿತಿ, ನನ್ನದೇ ಭಾಷಣ, ಚಪ್ಪಾಳೆಯೂ ಜೋರಾಗಿತ್ತು. ತಮ್ಮ ಪ್ರಕಾರ ಇಡೀ ಸಂಸ್ಥೆಯಲ್ಲಿ ಅತಿ ಖಾಲಿ ಕೋಣೆ ನನ್ನದು, ಬೀಗ ಬೀಳುವುದೂ ಇದಕ್ಕೇ. ಆದ್ದರಿಂದ ತಾವು, ಕೂತು ಯೋಚಿಸುತ್ತಿರುವ ಮನುಷ್ಯನಿಗೂ ಖಾಲಿ ಕುರ್ಚಿಗೂ ಇರುವ ವ್ಯತ್ಯಾಸವನ್ನು ಇಂದು ಸಂಜೆಯೊಳಗೆ ಕಲಿಯಬೇಕು. ಅದಾಗದಿದ್ದರೆ ಚಾವಣಿಯಿಂದ ಇಳಿದು ಬಂದು, ನಾನು ಇಲ್ಲಿದ್ದೆನೆಂದು ಹಿರಿಯ ಪಾಲುದಾರರ ಎದುರು ಪ್ರಮಾಣ ಮಾಡಿ ಹೇಳಬೇಕೆಂದು ಕೈಮುಗಿದು ಬೇಡುತ್ತೇನೆ. ಕೈಮುಗಿದಾಗಲಾದರೂ ಬೆಳಗುತ್ತೀರಲ್ಲ.

ತಮ್ಮ ಲೆಕ್ಕದಲ್ಲಿ ಇಲ್ಲವೇ ಇಲ್ಲದ,
ತಮ್ಮ ವಿಶ್ವಾಸಿ

ತಾಜಾ ಕಲಂ: ಬೀಗದ ಆದೇಶಕ್ಕೆ ಅಧ್ಯಕ್ಷನ ಸಹಿ ಬೇಕಿತ್ತು. ಕತ್ತಲಲ್ಲಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಪೆನ್ನಿಗೆ ಕೈ ಚಾಚಿದ ಕೂಡಲೇ ತಾವು ಝಗ್ಗನೆ ಬೆಳಗಿದಿರಿ, ಸಹಿ ಚೆನ್ನಾಗಿ ಬಿತ್ತು. ನಾಳೆ ಆ ದರ್ಜಿ ಹೆಂಗಸು ಮತ್ತೆ ಬರುತ್ತಾರೆ. ಇನ್ನು ಅವರನ್ನು ಹಜಾರದಲ್ಲಿ, ಎಲ್ಲರ ನಡುವೆ ಕೂರಿಸಿ ಮಾತಾಡಿಸಬೇಕು. ಅಲ್ಲಿ ಯಾರಾದರೊಬ್ಬರು ಓಡಾಡುತ್ತಲೇ ಇರುವುದರಿಂದ ದೀಪ ಆರುವುದೇ ಇಲ್ಲ.