ಮಾಮಾನ ಎಂಟು ಗಂಟೆ

ನಮ್ಮ ಅಕ್ಕನ ಗಂಡನಿಗೆ ಯಾವ ಕಾಲಕ್ಕೂ ಪಾಸ್‌ಪೋರ್ಟ್ ಕೊಡಬೇಡಿ ಎಂದು ಸರ್ಕಾರಕ್ಕೆ ಅರ್ಜಿ ಬರೆಯುವವನಿದ್ದೆ. ಆಮೇಲೆ ಗೊತ್ತಾಯಿತು, ನೇಪಾಳಕ್ಕೆ ಹೋಗಲು ನಮಗೆ ಪಾಸ್‌ಪೋರ್ಟೇ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಸಾಕಂತೆ! ಇಂಥವರನ್ನು ದೇಶದೊಳಗೆ ಹಿಡಿದಿಡಲು ಒಂದು ಬೇಲಿಯಾದರೂ ಬೇಡವೇ?

ಅವರು ನನಗೆ ಮಾಮಾ, ನಾನು ಅವರಿಗೆ ಅಳಿಯ. ಮಾಮಾ ಸುರಪುರದ ಕಾಲೇಜೊಂದರಲ್ಲಿ ಆಟ ಕಲಿಸುವ ಮಾಸ್ತರು. ಹೆಸರು ಹೇಳುವುದಿಲ್ಲ. ಹೇಳಿದರೆ ಅಕ್ಕ ನನ್ನ ಅಂಗಡಿಗೇ ಬಂದು ಗಿರಾಕಿಗಳ ಎದುರು ನನ್ನ ಮರ್ಯಾದೆ ತೆಗೆಯುತ್ತಾಳೆ. ನಾನು ಸೈಕಲ್ ಮೇಲೆ ಟವೆಲ್ಲು, ಲುಂಗಿ ಹೇರಿಕೊಂಡು ದೋರನಹಳ್ಳಿಯ ಓಣಿ ಓಣಿಯಲ್ಲಿ ಕೂಗಿ ಮಾರಿ, ಇವತ್ತು ಶಹಾಪುರದಲ್ಲಿ ಎರಡು ಶಟರಿನ ಬಟ್ಟೆ ಅಂಗಡಿ ಮಾಡಿದವನು. ಮರ್ಯಾದೆ ಮಾಡಿಕೊಳ್ಳಲು ಎಷ್ಟು ಕಷ್ಟವಿದೆ ಎಂದು ನನಗೆ ಗೊತ್ತು.

ಕಾಲೇಜಿನ ಹುಡುಗಿಯರ ಖೋ ಖೋ ತಂಡಕ್ಕೆ ನೇಪಾಳದ ಪೋಖರಾದಿಂದ ಪಂದ್ಯಾವಳಿಯ ಕರೆ ಬಂತು. ಅಕ್ಕ ನನಗೆ ಫೋನ್ ಮಾಡಿದಳು. "ಇವರನ್ನ ಒಬ್ಬರನ್ನ ಕಳಿಸಿದ್ರ ಹುಡುಗ್ಯಾರು ವಾಪಸ್ ಬರ್ತಾರ, ಇವರು ಬರಂಗಿಲ್ಲ. ನೀ ಜೋಡಿ ಹೋಗು." ಹೀಗೆ ನಾನು ತಂಡದ ಮ್ಯಾನೇಜರ್ ಆದೆ. ಹುಡುಗಿಯರ ಜೊತೆಗೆಂದು ಬಂದ ಇಂಗ್ಲಿಷ್ ಮೇಡಂ ರೈಲು ಹತ್ತಿದಾಗ ತೆಗೆದುಕೊಂಡ ತಲೆನೋವಿನ ಮಾತ್ರೆಯನ್ನು ವಾಪಸ್ ಬರುವವರೆಗೂ ಬಿಡಲಿಲ್ಲ.

ಯಾದಗಿರಿ ಸ್ಟೇಷನ್ನಿನಲ್ಲಿ ಮಾಮಾ ಬಂದರು. ಹೆಗಲ ಮೇಲೆ ಹತ್ತು ಅಡಿಯ ಬಿದಿರು! ನಡುವೆ ಆಗಸ್ಟ್ ಹದಿನೈದು ಬರುತ್ತದೆ, ಅಲ್ಲಿ ಧ್ವಜದ ಕಂಬ ಸಿಗದಿದ್ದರೆ ಎಂದರು. ನೇಪಾಳದಲ್ಲಿ ಬಿದಿರು ಬೆಳೆಯುವುದಿಲ್ಲವೇನು ಎಂದು ಕೇಳಿದೆ. ಬೆಳೆಯಬಹುದು, ಆದರೆ ಇದು ನೆಟ್ಟಗಿದೆ ಎಂದರು. ಟಿಸಿ ಬಂದು ಏನಿದು ಅಂದಾಗ ನಾನು ಮುಂದೆ ಬಿದ್ದು, ಖೋ ಖೋ ಆಟದ ಕಂಬ, ಸಾಮಾನಿಲ್ಲದೆ ಆಡುವುದು ಹೇಗೆ ಎಂದೆ. ಅರ್ಧ ಕುದುರಿತ್ತು ವ್ಯಾಪಾರ. ಅಷ್ಟರಲ್ಲಿ ಮಾಮಾ, "ಇಲ್ರಿ ಸಾಹೇಬ್ರ, ಇಂವ ಸುಳ್ಳ ಹೇಳ್ತಾನ. ಇದು ಝೆಂಡಾ ಕಂಬ" ಅಂದರು. ಟಿಸಿ ತಾವೇ ಬಗ್ಗಿ ಬಿದಿರನ್ನು ಸೀಟುಗಳ ಕೆಳಗೆ ಉದ್ದಕ್ಕೆ ತಳ್ಳಿಕೊಟ್ಟು ಹೋದರು. ನನ್ನ ಸಿಟ್ಟು ಇನ್ನಷ್ಟು ಏರಿತು. ನಿಜ ಹೇಳಿದರೂ ಕೆಲಸ ಆಗುವುದಾದರೆ ನನ್ನಂಥವರು ಹೊಟ್ಟೆಗೆ ಏನು ಮಾಡಬೇಕು?

ಗಡಿ ದಾಟಿದೆವು. ಇಲ್ಲೊಂದು ಮಾತು, ಬರೆದಿಟ್ಟುಕೊಳ್ಳಿ: ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಗಡಿ ದಾಟಿದ ಕೂಡಲೇ ಕೈಗಡಿಯಾರ ತಿರುವಿಕೊಳ್ಳಬೇಕು. ಹುಡುಗಿಯರು ತಿರುವಿದರು, ಮೇಡಂ ತಿರುವಿದರು, ನಾನೂ ತಿರುವಿದೆ. ಮಾಮಾ ತಿರುವಲಿಲ್ಲ. ಎಂಟು ದಿನದ ಮಾತಿಗೆ ಗಡಿಯಾರಕ್ಕೆ ಯಾಕೆ ತ್ರಾಸು ಕೊಡಬೇಕು ಎಂದರು. ಅವತ್ತಿನಿಂದ ನಮ್ಮ ತಂಡದಲ್ಲಿ ಎರಡು ದೇಶ. ಊಟ ಮುಗಿದ ಮೇಲೆ ಮಾಮಾ ಊಟಕ್ಕೆ ಬರುವುದು, ಬಸ್ಸು ಹೊರಟ ಮೇಲೆ ಮಾಮಾ ಬಸ್ಸಿಗೆ ಬರುವುದು. ಬಸ್ಸು ನಿಲ್ಲಿಸಲು ನಾನು ಡ್ರೈವರನ ಕೈಕಾಲು ಹಿಡಿಯುವುದು.

ಹೇಗೋ ಎರಡು ಪಂದ್ಯ ಗೆದ್ದು ಸೆಮಿಫೈನಲ್‌ಗೆ ಬಂದೆವು. ಅದು ಬಿದ್ದದ್ದು ಸರಿಯಾಗಿ ಆಗಸ್ಟ್ ಹದಿನೈದಕ್ಕೆ! ಬೆಳಿಗ್ಗೆ ಎಂಟೂವರೆಗೆ ಮೈದಾನದಲ್ಲಿ ಹೆಸರು ಬರೆಸಬೇಕು, ಒಂದು ನಿಮಿಷ ತಡವಾದರೂ ಎದುರಿನವರು ಆಡದೇ ಗೆದ್ದಂತೆ. ನೇಪಾಳದವರಿಗೆ ಅದು ಮಾಮೂಲಿ ದಿನ. ನಮ್ಮ ಕ್ಯಾಪ್ಟನ್ ನಿಂಗಮ್ಮನಿಗೆ ಮಾತ್ರ ಅದೇ ಕೊನೆಯ ದಿನ. ಗೆದ್ದರೆ ಪದಕ, ಪ್ರಮಾಣಪತ್ರ. ಅದರ ಮೇಲೆ ಮುಂದೆ ಆಟದ ಮಾಸ್ತರಿಕೆ ಓದಲು ಸೀಟು. ಅವಳ ಅಪ್ಪ ಕುರಿ ಕಾಯುವವನು. ಈ ಸಲ ಕೈಯಲ್ಲಿ ಕಾಗದ ಹಿಡಿದು ಬಂದರೆ ಓದು, ಇಲ್ಲದಿದ್ದರೆ ಕುರಿ ಹಿಂದೆ ನಡಿ ಎಂದು ಹೇಳಿಯೇ ಕಳಿಸಿದ್ದ.

ಮಾಮಾ ಸಾರಿಬಿಟ್ಟರು: ಧ್ವಜಾರೋಹಣ ಎಂಟು ಗಂಟೆಗೆ. ನಮ್ಮ ಎಂಟು! ಅಂದರೆ ಅಲ್ಲಿಯ ಎಂಟೂಕಾಲು. ಮೈದಾನ ಓಡಿದರೆ ಹತ್ತು ನಿಮಿಷ. ನಾನು ಏಳಕ್ಕೆ ಮಾಡೋಣ ಎಂದೆ. ಏಳೂವರೆ ಎಂದೆ. ಕೊನೆಗೆ ಏಳೂ ಮುಕ್ಕಾಲಿಗೆ ಇಳಿದೆ. ಜೀವನದಲ್ಲಿ ಯಾವ ಗಿರಾಕಿಗೂ ನಾನು ಇಷ್ಟು ಬಿಟ್ಟುಕೊಟ್ಟವನಲ್ಲ.

"ಮೂವತ್ತೊಂದು ವರ್ಷ ಎಂಟಕ್ಕ ಕಟ್ಟೇನಿ. ಇದರಾಗ ಚೌಕಾಶಿ ಇಲ್ಲ ಅಳಿಯಾ."

ಕಟ್ಟೇನಿ ಅಂದರೆ ಧ್ವಜ ಕಟ್ಟುವುದು. ಹೂವಿನ ಪಕಳೆ ಒಳಗಿಟ್ಟು ಮಡಚಿ, ಒಂದೇ ಜಗ್ಗಿಗೆ ಬಿಚ್ಚುವಂತೆ ಜಾರುಗಂಟು ಹಾಕುವುದು. ಹಗ್ಗ ಎಳೆಯುವವರು ಮುಖ್ಯ ಅತಿಥಿಗಳು. ಬಿಚ್ಚಿಕೊಂಡರೆ ಚಪ್ಪಾಳೆ ಅವರಿಗೆ, ಬಿಚ್ಚದಿದ್ದರೆ ಬೈಗುಳ ಆಟದ ಮಾಸ್ತರಿಗೆ. ಊರಿನಲ್ಲೇನೋ ಸರಿ. ಈ ಪರದೇಶದಲ್ಲಿ ಮುಖ್ಯ ಅತಿಥಿಯನ್ನು ಎಲ್ಲಿಂದ ತರುವುದು?

ಮಾಮಾ ಬೆಳಿಗ್ಗೆ ಆರಕ್ಕೇ ಅತಿಥಿಯನ್ನು ಹುಡುಕಿಕೊಂಡು ಬೀದಿಗೆ ಬಿದ್ದರು! ಗೆಸ್ಟ್‌ಹೌಸಿನ ಮಾಲೀಕಳು ಅಂಗಳದಲ್ಲಿ ಕಂಬ ನೆಡಲು ಒಪ್ಪಿ, ಹೂವನ್ನೂ ಕೊಟ್ಟಿದ್ದಳು. ಅತಿಥಿ ಆಗಿ ಅಂದರೆ ನಾಚಿಕೊಂಡು ಒಳಗೆ ಓಡಿದಳು. ಒಬ್ಬ ಪಂಜಾಬಿ ಲಾರಿ ಡ್ರೈವರ್ ಖುಷಿಯಿಂದ ಒಪ್ಪಿದ, ಆದರೆ ಅವನ ಲಾರಿ ಏಳಕ್ಕೆ ಹೊರಡಬೇಕಿತ್ತು. ಕೊನೆಗೆ ನಾನೇ ಅಂಗಿಗೆ ಇಸ್ತ್ರಿ ಮಾಡಿಕೊಂಡು ಎದುರಿಗೆ ಹೋಗಿ ನಿಂತೆ.

"ನೀ ಮನಿ ಮನುಷ್ಯಾ. ಅತಿಥಿ ಹೊರಗಿನವರ ಇರಬೇಕು. ಮಂದಿ ಏನಂದಾರು?"

"ಯಾವ ಮಂದಿ ಮಾಮಾ? ಇಲ್ಲಿ ಯಾವ ಮಂದಿ ಅದಾರ?"

 ನನ್ನ ಗಡಿಯಾರದಲ್ಲಿ ಎಂಟು ಇಪ್ಪತ್ತಾಯಿತು, ಮಾಮಾನ ಎಂಟೂ ದಾಟಿತು. ಹುಡುಗಿಯರು ಆಟದ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದಾರೆ. ಮಾಮಾ ರಸ್ತೆ ನೋಡುತ್ತಿದ್ದಾರೆ, ಯಾರೋ ಮಂತ್ರಿ ಬರುವವರಂತೆ! ನನಗೆ ಆ ಬಿದಿರನ್ನು ಕಿತ್ತು ಅವರ ಬೆನ್ನಿಗೇ ಎರಡು ಬಿಡಬೇಕು ಅನಿಸಿತು. ಒಂದು ಹುಡುಗಿಯ ಬದುಕು ನಿಮಿಷದ ಮೇಲೆ ನಿಂತಿದೆ, ಈ ಮನುಷ್ಯನಿಗೆ ಅತಿಥಿ ಬೇಕು! ಬಾಯಿ ತೆರೆದೆ. ಅಷ್ಟರಲ್ಲಿ ನಿಂಗಮ್ಮ ಸಾಲು ಬಿಟ್ಟು ಮುಂದೆ ಬಂದಳು.

"ಸರ್, ಈ ದೇಶದಾಗ ಹೊರಗಿನವರಂದ್ರ ನಾವ ಅದೀವ್ರಿ. ನೀವ ಎಳೀರಿ."

ಮಾಮಾ ಅವಳ ಮುಖ ನೋಡಿದರು. ಹಗ್ಗ ಹಿಡಿದರು.  ಒಂದೇ ಜಗ್ಗಿಗೆ ಗಂಟು ಬಿಚ್ಚಿತು. ಪಕಳೆಗಳು ಅವರ ಬೋಳು ತಲೆಯ ಮೇಲೆ ಉದುರಿದವು. ವಂದನೆಗೆ ಸೀಟಿ ಹೊಡೆಯುವುದನ್ನೂ ಮರೆತು ಕತ್ತು ಮೇಲೆತ್ತಿ ನಿಂತುಬಿಟ್ಟರು. ಹುಡುಗಿಯರೇ ಜನಗಣಮನ ಎತ್ತಿಕೊಂಡರು. ಮುಗಿದದ್ದೇ ತಡ, ಮಾಮಾ ಧ್ವಜ ಇಳಿಸಿ ಎದೆಗವಚಿಕೊಂಡರು, ಎಲ್ಲರೂ ಓಟ.

ಮೂರು ನಿಮಿಷ ತಡ! ಮೇಜಿನ ಹಿಂದಿದ್ದ ವ್ಯವಸ್ಥಾಪಕ ಪೆನ್ನು ಮುಚ್ಚಿ ಗಡಿಯಾರ ತೋರಿಸಿದ. ಮಾಮಾ ಬಾಯಿ ತೆರೆಯುವ ಮೊದಲು ನಾನು ಮೇಜಿನ ಮುಂದೆ ಕುರ್ಚಿ ಎಳೆದು ಕುಳಿತೆ. ನೋಡಿ, ಬೇಕಾದಷ್ಟನ್ನೇ ಎಂದೂ ಕೇಳಬಾರದು. ಇವತ್ತು ನಮ್ಮ ದೇಶದ ಹಬ್ಬ, ನಮ್ಮ ಗಡಿಯಾರವೇ ಬೇರೆ, ಪಂದ್ಯವನ್ನು ಒಂದು ತಾಸು ಮುಂದಕ್ಕೆ ಹಾಕಿ ಎಂದೆ. ಆತ ಹೌಹಾರಿದ. ಅರ್ಧ ತಾಸಿಗೆ ಇಳಿದೆ. ಕಾಲು ತಾಸು ಎಂದೆ, ಇಲ್ಲಿಂದ ಏಳುವುದಿಲ್ಲ ಎಂದೂ ಹೇಳಿದೆ. ಐದು ನಿಮಿಷಕ್ಕಿಂತ ಒಂದು ಸೆಕೆಂಡೂ ಹೆಚ್ಚು ಕೊಡುವುದಿಲ್ಲ ಎಂದು ಆತ ಮೇಜು ಗುದ್ದಿದ. ಮುಖ ಸಣ್ಣಗೆ ಮಾಡಿಕೊಂಡು ಒಪ್ಪಿದೆ. ಬೇಕಿದ್ದದ್ದು ಮೂರೇ!

ಪಂದ್ಯ ಸಮಸಮ ನಡೆಯಿತು. ಕೊನೆಯ ಸರದಿಯಲ್ಲಿ ಅಟ್ಟಿಸಿಕೊಂಡು ಹೋಗುವವರು ನಮ್ಮವರು. ಇನ್ನೊಬ್ಬಳನ್ನು ಮುಟ್ಟಿದರೆ ಗೆಲುವು, ಉಳಿದದ್ದು ಅರ್ಧ ನಿಮಿಷ. ನೋಡಿದರೆ ಮಾಮಾ ಗೆರೆಯ ಹತ್ತಿರ ಇಲ್ಲ. ಮೈದಾನಕ್ಕೆ ಬೆನ್ನು ಹಾಕಿ ಹುಲ್ಲಿನ ಮೇಲೆ ಕುಳಿತು, ಓಟದಲ್ಲಿ ಮುದ್ದೆಯಾಗಿದ್ದ ಧ್ವಜವನ್ನು ಮಡಚುತ್ತಿದ್ದಾರೆ. ಯಾದಗಿರಿಯಿಂದ ಕೂಡಿಟ್ಟುಕೊಂಡು ಬಂದ ಸಿಟ್ಟನ್ನೆಲ್ಲ ಈಗ ಇಳಿಸಿಯೇ ಬಿಡಬೇಕೆಂದು ಎದುರಿಗೆ ಹೋಗಿ ನಿಂತೆ. ಅವರು ತಲೆ ಎತ್ತಲಿಲ್ಲ.

"ಮೂವತ್ತೊಂದು ವರ್ಷ ಕೆಳಗ ನಿಂತು ಗಂಟ ನೋಡೇನಿ ಅಳಿಯಾ. ಬಿಚ್ಚತದೋ ಇಲ್ಲೋ ಅಂತ ಜೀವ ಹಿಡಕೊಂಡು. ಬಿಚ್ಚಿದ ಕೂಡ್ಲೆ ಹುಡುಗರ ಸಾಲು ನೋಡಬೇಕು. ಅದು ಮ್ಯಾಲ ಹಾರೂದು ನಾ ನೋಡಿದ್ದು ಇವತ್ತ ಮೊದಲ."

 ಗಾಳಿಗೆ ಬಟ್ಟೆ ಅವರ ಕೈ ತಪ್ಪುತ್ತಿತ್ತು. ಎದುರಿಗೆ ಕುಳಿತು ಇನ್ನೊಂದು ಅಂಚು ಹಿಡಿದುಕೊಂಡೆ.

ಅವರ ಬೆನ್ನ ಹಿಂದೆ ಮೈದಾನದಲ್ಲಿ ನಿಂಗಮ್ಮ ಆಟದ ಕಂಬವನ್ನು ತಬ್ಬಿ ಹಾರಿದ್ದು ನನಗೆ ಕಂಡಿತು. ಕೈ ನೀಡಿದಳು. ಮುಟ್ಟಿದಳು. ಉದ್ದದ ಸೀಟಿ, ಹುಡುಗಿಯರ ಕೂಗು. "ಮುಟ್ಟಿದಳು ಮಾಮಾ" ಅಂದೆ. ಅವರು ಹೂಂ ಎಂದು ತಲೆಯಾಡಿಸಿದರು. ಇಬ್ಬರ ಕೈಯಲ್ಲೂ ಬಾವುಟದ ಅಂಚು. ಚಪ್ಪಾಳೆ ತಟ್ಟಲು ಕೈ ಬಿಡುವಿರಲಿಲ್ಲ, ಕಣ್ಣೊರೆಸಿಕೊಳ್ಳಲೂ.