ಬೈಯಲು ಬಾರದ ಪ್ರೇಕ್ಷಕರು

ರಾದ್ಧಾಂತಕ್ಕೆಲ್ಲ ಮೂಲ ಒಂದು ಕರ್ಚೀಫು. ಹಿಂದಿನ ದಿನದ ಪ್ರದರ್ಶನದಲ್ಲಿ ಗಿರಗಿಟ್ಲೆ ತನ್ನ ಅತಿ ಒಳ್ಳೆಯ ಜೋಕು ಹೇಳುತ್ತಿದ್ದಾಗಲೇ ಮುಂದಿನ ಸಾಲಿನ ಹೆಂಗಸೊಬ್ಬಳು ಅದನ್ನು ತೆಗೆದು ಕಣ್ಣೊರೆಸಿಕೊಂಡಿದ್ದಳು. ಅದೂ ನಕ್ಕು ಬಂದ ನೀರಲ್ಲ.

ಗಿರಗಿಟ್ಲೆ ಎಂಬುದು ಅವಳೇ ಇಟ್ಟುಕೊಂಡ ಹೆಸರು. ಗಾಲಿಕುರ್ಚಿಯಲ್ಲಿ ಕೂತು ಒಂದು ಸುತ್ತು ಗಿರ್ರನೆ ತಿರುಗಿ ಮಾತು ಶುರು ಮಾಡಿದರೆ ನಿಲ್ಲಿಸುವವರಿಲ್ಲ. ಅವಳ ಕಸುಬು ನಗಿಸುವುದು, ಜನರ ಹಟ ಅಳುವುದು!

ಬೆಳಿಗ್ಗೆಯೇ ನಾಟಕಶಾಲೆಯ ಮ್ಯಾನೇಜರಿಗೆ ಫೋನು ಮಾಡಿ ಗುಡುಗಿದಳು: "ಚೆನ್ನಾಗಿದ್ರೆ ನಗಲಿ, ಕೆಟ್ಟದಾಗಿದ್ರೆ ಬೈಯಲಿ ಸಾರ್. ಇವತ್ತು ಒಬ್ರಾದ್ರೂ ಬಾಯ್ತುಂಬ ಬೈಲಿಲ್ಲ ಅಂದ್ರೆ ನಾಳೆಯಿಂದ ಸ್ಟೇಜಿಗೆ ಕಾಲಿಡಲ್ಲ."

"ಕಾಲು..." ಎಂದು ಮ್ಯಾನೇಜರು ತಡವರಿಸಿದರು.

"ಗಾಲಿ ಇಡಲ್ಲ ಅಂದ್ಕೊಳ್ಳಿ!"

ಸಂಜೆ ಹೊರಟಾಗ ಪಕ್ಕದ ಮನೆಯ ಆಂಟಿ ಹಿಂದಿನಿಂದ ಬಂದು, ಕೇಳದೆಯೇ ಕುರ್ಚಿ ಹಿಡಿದು ಭರ್ರನೆ ತಳ್ಳತೊಡಗಿದರು.

"ಆಂಟಿ, ಈ ಕಡೆ ಅಲ್ಲ!"

"ಆಸ್ಪತ್ರೆಗೆ ತಾನೇ ಮಗಳೇ?"

"ಕೆಲಸಕ್ಕೆ ಹೋಗ್ತಿದೀನಿ."

"ಅಯ್ಯೋ ಪಾಪ, ಆಸ್ಪತ್ರೆಲೇ ಕೆಲಸಾನಾ?"

ಆಸ್ಪತ್ರೆಯ ಗೇಟಿನಿಂದ ವಾಪಸು ಬರುವಷ್ಟರಲ್ಲಿ ತಡವಾಗಿತ್ತು. ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಅವಳನ್ನು ವೇದಿಕೆಗೇರಿಸಿದರು. ಏರಿಸಿದ್ದಕ್ಕೇ ಚಪ್ಪಾಳೆ ಬಿತ್ತು. ಗಿರಗಿಟ್ಲೆಗೆ ಮೈಯೆಲ್ಲ ಉರಿಯಿತು.

"ನಮ್ಮ ಬಿಲ್ಡಿಂಗಿನ ಲಿಫ್ಟು ಕೆಟ್ಟು ಎರಡು ವರ್ಷ ಆಯ್ತು," ಎಂದು ಶುರುಮಾಡಿದಳು. "ಎಷ್ಟು ಕರೆದ್ರೂ ರಿಪೇರಿಯವನು ಬರಲ್ಲ. ನಾನು ಚೆನ್ನಾಗೇ ಇದೀನಿ, ನನ್ನ ರಿಪೇರಿ ಮಾಡೋಕೆ ಬೀದಿ ಜನ ಎಲ್ಲ ಕರೆಯದೇನೇ ಬರ್ತಾರೆ!"

ಎಲ್ಲೋ ಯಾರೋ ಅಳುತ್ತ ಮೂಗು ಸೊರ್ರೆನಿಸಿದರು.

ರೇಗಿಹೋಯಿತು ಅವಳಿಗೆ. ಬೇಕೆಂದೇ ಆಕಳಿಸಿದಳು. ಲಿಫ್ಟಿನೊಳಗಿನ ಸೂಚನೆಗಳನ್ನು ಬಾಯಿಪಾಠ ಒಪ್ಪಿಸಿದಳು. ಚಪ್ಪಾಳೆಯೋ ಚಪ್ಪಾಳೆ. ಕೆಟ್ಟದಾಗಿ ಮಾಡುವ ಹಕ್ಕನ್ನೂ ಈ ಜನ ತನಗೆ ಬಿಟ್ಟುಕೊಡರಲ್ಲ ಎಂದು ಅವಳಿಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು: "ಥೂ, ಬೋರು! ಇಳೀರಿ ಕೆಳಗೆ!"

ಗಿರಗಿಟ್ಲೆಯ ಮುಖ ಅರಳಿತು.

"ಇಳಿಯೋಕೆ ಹಲಗೆ ಹಾಕಿಸಯ್ಯಾ, ಈಗಲೇ ಇಳೀತೀನಿ!"

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಆ ಒಬ್ಬನಿಗಾಗಿ ತಿರುಗಿದಳು, ಅಣಕಿಸಿದಳು, ಮುಂದಿನ ಸಾಲಿನವರ ಅಳುಮುಖಗಳನ್ನು ಒಂದೊಂದಾಗಿ ಮಾಡಿ ತೋರಿಸಿದಳು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಮಾಡಿರಲಿಲ್ಲ.

ಪ್ರದರ್ಶನ ಮುಗಿದದ್ದೇ ತಡ, ಮ್ಯಾನೇಜರು ಬೈದವನನ್ನು ಹೊರಗೆ ಓಣಿಯಲ್ಲಿದ್ದ ಅವಳ ಬಳಿಗೆ ಕರೆತಂದರು. ಬ್ಯಾಂಕಿನ ಗುಮಾಸ್ತ, ಸಣಕಲು ಆಸಾಮಿ. ಗಿರಗಿಟ್ಲೆ ಅವನ ಕೈ ಹಿಡಿದು ಕುಲುಕಿದಳು.

"ನನ್ನನ್ನ ಕಲಾವಿದೆ ಅಂತ ನೋಡಿದ್ದು ನೀವೊಬ್ರೇ. ನಿಜ ಹೇಳಿ, ಅಷ್ಟು ಬೋರಾಯ್ತಾ?"

ಗುಮಾಸ್ತ ಬೆವರಿದ. "ಕ್ಷಮಿಸಿ ಮೇಡಂ. ಬೈಸಿಕೊಳ್ಳೋದು ನಿಮ್ಮ ಬಹಳ ದಿನದ ಆಸೆ ಅಂತ ಮ್ಯಾನೇಜರ್ ಸಾರ್ ನೀವು ಬರೋಕೆ ಮುಂಚೆ ಅನೌನ್ಸ್ ಮಾಡಿದ್ರು. ಯಾರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಚೀಟಿ ಎತ್ತಿದ್ವಿ, ನನ್ನ ಹೆಸರು ಬಂತು."

ಗಿರಗಿಟ್ಲೆ ಅವನ ಕೈ ಕೊಡವಿದಳು. ಆಮೇಲೆ ಬಾಯಿ ತೆರೆದಳು ನೋಡಿ! ಗುಮಾಸ್ತನಿಗೆ, ಮ್ಯಾನೇಜರಿಗೆ, ಓಣಿಯಲ್ಲಿ ನಿಂತಿದ್ದ ಅಷ್ಟೂ ಪ್ರೇಕ್ಷಕರಿಗೆ ನೀರಿಳಿಸಿಬಿಟ್ಟಳು.

"ನಿಮ್ಮ ಕನಿಕರಕ್ಕಿಷ್ಟು ಬೆಂಕಿ ಹಾಕ! ಬೈಗುಳಾನೂ ದಾನ ಮಾಡ್ತೀರಾ? ನೋಡೋಕೆ ಬರಲ್ವಾ ನಿಮಗೆ? ನಗೋಕೆ ಬರಲ್ವಾ?"

ಅವಳು ಉಸಿರಿಗೆಂದು ನಿಂತಳು.

"ಎಂಥ ಆತ್ಮವಿಶ್ವಾಸ!" ಎಂದ ಗುಮಾಸ್ತ ಬಿಕ್ಕುತ್ತ, ಚಪ್ಪಾಳೆ ತಟ್ಟಿದ. ಇಡೀ ಓಣಿ ತಟ್ಟಿತು.

ಗಿರಗಿಟ್ಲೆ ಹಲ್ಲು ಕಡಿದು ಮ್ಯಾನೇಜರ ಕಡೆ ತಿರುಗಿದಳು. "ನಾಳೆ ಸ್ಟೇಜು ಖಾಲಿ ಇದೆಯಾ?"

"ಸ್ಟೇಜು ಬಿಡ್ತೀನಿ ಅಂದಿದ್ರಿ?"

"ಬಿಡೋದಾ? ಇವರು ನಗೋವರೆಗೂ ಇವರಪ್ಪನಾಣೆ ಬಿಡೋಳಲ್ಲ ನಾನು."

ಮ್ಯಾನೇಜರು ಗದ್ಗದಿತರಾಗಿ ನಾಳೆಯ ತಾರೀಖು ಬರೆದುಕೊಂಡರು.